ಕರೆಂಟ್ ಹೋಗಿ ಬಂದ್ರೆ ಪ್ರಿಂಟರ್ ಆಫ್‌ಲೈನ್

ಪ್ರಶ್ನೆ, ರಾಯಚೂರಿನಿಂದ:
ಮನ್ಯಾಗ ವೈಫೈ ಇಂಕ್‌ಜೆಟ್ ಪ್ರಿಂಟರ್ ಒಂದು, ವಿಂಡೋಸ್ 11 ಲ್ಯಾಪ್‌ಟಾಪ್ ಎರಡು ಅವ. ಕರೆಂಟ್ ಹೋಗಿ ಬಂದ ಮ್ಯಾಲೆ ಎರಡರಾಗೂ ‘ಆಫ್‌ಲೈನ್’ ಅಂತ ತೋರಸ್ತದ, ಮೊಬೈಲ್‌ನಿಂದ ಪ್ರಿಂಟ್ ಬರ್ತದ. ಕಾಯಂ ಪರಿಹಾರ ಏನ್ರಿ?

ಉತ್ತರ, ಬಳ್ಳಾರಿಯಿಂದ:
ಮೊಬೈಲ್‌ನಿಂದ ಬರ್ತೈತೆ ಅಂದ್ರೆ ಪ್ರಿಂಟರ್ ಸರಿ ಐತೆ ಸರ್. ರೂಟರ್ ಮತ್ತೆ ಚಾಲೂ ಆದಾಗ ಪ್ರಿಂಟರಿಗೆ ಬೇರೆ ಐಪಿ (ನೆಟ್‌ವರ್ಕಿನಾಗಿನ ವಿಳಾಸ) ಕೊಟ್ಟಿರುತ್ತೆ, ಲ್ಯಾಪ್‌ಟಾಪ್ ಇನ್ನೂ ಹಳೇ ವಿಳಾಸಕ್ಕೇ ಕಳಿಸ್ತಿರುತ್ತೆ. ಪ್ರಿಂಟರಿನ ಮೆನುವಿನಿಂದ ನೆಟ್‌ವರ್ಕ್ ವಿವರದ ಹಾಳೆ ತೆಗೀರಿ. ಅದರಾಗೆ ಎರಡೆರಡು ಅಂಕಿ-ಅಕ್ಷರದ ಆರು ಜೋಡಿ ಇರುತ್ತೆ, ಅದೇ ಮ್ಯಾಕ್ ಅಡ್ರೆಸ್, ಅಂದ್ರೆ ಪ್ರಿಂಟರಿನ ಗುರುತು. ರೂಟರಿನ ಡಿಎಚ್‌ಸಿಪಿ (ಐಪಿ ಹಂಚೋ ವ್ಯವಸ್ಥೆ) ಪುಟದಾಗೆ ‘ಅಡ್ರೆಸ್ ರಿಸರ್ವೇಶನ್’ಗೆ ಅದನ್ನ ಹಾಕಿ, 192.168.1.50 ಥರ ಒಂದು ಐಪಿ ಕಾಯ್ದಿರಿಸ್ರಿ. ಮೊದಲ ಮೂರು ಸಂಖ್ಯೆ ನಿಮ್ಮ ರೂಟರಿನದೇ ಇರಬೇಕು. ಪ್ರಿಂಟರ್ ಆಫ್ ಮಾಡಿ ಮತ್ತೆ ಆನ್ ಮಾಡ್ರಿ. ಆಮೇಲೆ ಎರಡೂ ಲ್ಯಾಪ್‌ಟಾಪಿನಾಗೆ ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್, ಆಡ್ ಪೋರ್ಟ್, ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ’ಗೆ ಹೋಗಿ ಇದೇ ಐಪಿ ಕೊಡ್ರಿ. ವಿಂಡೋಸ್ ತಾನಾಗೇ ಹಾಕೋ ಡಬ್ಲ್ಯೂಎಸ್‌ಡಿ ಪೋರ್ಟ್ ನಂಬಬೇಡ್ರಿ, ಎಷ್ಟೋ ಸಲ ತೊಂದರೆ ಶುರುವಾಗೋದೇ ಅಲ್ಲಿ.

ಉತ್ತರ, ಕೊಪ್ಪಳದಿಂದ:
ಇಷ್ಟಾದ್ರೂ ಆಫ್‌ಲೈನ್ ತೋರಿಸಿದ್ರ ಅದೇ ಪೋರ್ಟಿನ ‘ಕಾನ್ಫಿಗರ್’ನಾಗ ‘ಎಸ್‌ಎನ್‌ಎಂಪಿ ಸ್ಟೇಟಸ್’ (ಪ್ರಿಂಟರಿನ ಸ್ಥಿತಿ ಕೇಳೋ ವ್ಯವಸ್ಥೆ) ಟಿಕ್ ತೆಗೀರಿ. ಲ್ಯಾಪ್‌ಟಾಪ್ ಗೆಸ್ಟ್ ವೈಫೈದಾಗ ಇದ್ರ ಪ್ರಿಂಟರ್ ಕಾಣಂಗಿಲ್ಲ, ಅದನ್ನೂ ನೋಡ್ರಿ. ಹೊಸದಾಗಿ ಜೋಡಿಸೋರು 2.4 ಗಿಗಾಹರ್ಟ್ಸ್ ವೈಫೈ ಹೆಸರನ್ನೇ ಆರಿಸ್ರಿ. ಭಾಳ ಪ್ರಿಂಟರಿಗೆ 5 ಗಿಗಾಹರ್ಟ್ಸ್ ಸಿಗಂಗಿಲ್ಲ.

ರೂಟರಿಗೆ ಸಣ್ಣ ಯುಪಿಎಸ್ ಹಾಕಿದ್ರ ಅರ್ಧ ತಾಪತ್ರಯ ತಪ್ಪತೈತಿ. ಆದ್ರ ಲೇಸರ್ ಪ್ರಿಂಟರ್ ಇದ್ದೋರು ಅದನ್ನ ಯುಪಿಎಸ್‌ಗೆ ಚುಚ್ಚಬ್ಯಾಡ್ರಿ. ಒಳಗಿನ ಫ್ಯೂಸರ್ (ಶಾಯಿ ಪುಡಿನ ಬಿಸಿಯಿಂದ ಹಾಳಿಗೆ ಅಂಟಿಸೋ ಭಾಗ) ಬಿಸಿ ಆಗುವಾಗ ಒಮ್ಮೆಲೇ ಭಾಳ ಕರೆಂಟ್ ಎಳೀತೈತಿ, ಯುಪಿಎಸ್ ಟ್ರಿಪ್ ಆಗತೈತಿ.