ಲೋನ್ ಆಫೀಸರ್ ಸರ್ವೇ ನಂಬ್ಕೊಂಡು ರಿಸೆಷನ್ ಹೇಳೋಕಾಗತ್ತಾ?

ಬಡ್ಡಿಲೆಕ್ಕ: ಸಾಲದ ನಿಯಮ ಬಿಗಿ ಮಾಡಿದ್ರಾ ಸಡಿಲ ಮಾಡಿದ್ರಾ ಅಂತ ಅಮೆರಿಕದ ಸೆಂಟ್ರಲ್ ಬ್ಯಾಂಕ್ ಫೆಡ್ ಮೂರು ತಿಂಗಳಿಗೊಮ್ಮೆ ಬ್ಯಾಂಕ್‌ಗಳ ಸೀನಿಯರ್ ಲೋನ್ ಆಫೀಸರ್‌ಗಳನ್ನ ಕೇಳತ್ತಲ್ಲ, ಆ ಸರ್ವೇನ ಇನ್ನೂ ಯಾಕೆ ನಂಬ್ಬೇಕು? 2023ರ ಜುಲೈನಲ್ಲಿ ದೊಡ್ಡ ಕಂಪನಿಗಳ ಸಾಲದ ನೆಟ್ ನಂಬರ್ 50 ದಾಟಿತ್ತು, ಎಲ್ರೂ ರಿಸೆಷನ್ ಬಂತು ಬಂತು ಅಂದ್ರು, ಬರ್ಲೇ ಇಲ್ಲ.

ಹಳೇ ಮ್ಯಾನೇಜರ್: 2008ರ ಅಕ್ಟೋಬರ್‌ನಲ್ಲಿ ಅದೇ ನಂಬರ್ 80 ದಾಟಿತ್ತು, ಆಮೇಲೇನಾಯ್ತು ಅಂತ ಎಲ್ರಿಗೂ ಗೊತ್ತು. ನಾನು ಕ್ರೆಡಿಟ್ ಡಿಪಾರ್ಟ್‌ಮೆಂಟಲ್ಲೇ ಸರ್ವೀಸ್ ಮುಗ್ಸಿದವನು, ಬಿಗಿ ಮಾಡೋದು ಅಂದ್ರೆ ಸಾಲ ಇಲ್ಲ ಅನ್ನೋದಲ್ಲ ಸರ್, ಮಾರ್ಜಿನ್, ಅಂದ್ರೆ ನೀವು ಕೈಯಿಂದ ಹಾಕೋ ದುಡ್ಡು, ಜಾಸ್ತಿ ಕೇಳ್ತೀವಿ, ಇನ್ನೊಂದು ಆಸ್ತಿ ಅಡ ಇಡಿ ಅಂತೀವಿ, ಲಿಮಿಟ್ (ಬೇಕಾದಾಗ ಎಳ್ಕೊಳ್ಳೋ ಸಾಲದ ಮಿತಿ) ರಿನ್ಯೂ ಮಾಡೋವಾಗ ಸ್ವಲ್ಪ ಕಡ್ಮೆ ಮಾಡ್ತೀವಿ. ಇದು ಒಟ್ಟು ಸಾಲದ ಅಂಕಿಯಲ್ಲಿ ತಕ್ಷಣ ಕಾಣಲ್ಲ. 2020ರ ಮಾರ್ಚ್‌ನಲ್ಲಿ ನೋಡಿ, ಕೋವಿಡ್ ಭಯಕ್ಕೆ ಅಲ್ಲಿನ ಕಂಪನಿಗಳು ಮೊದ್ಲೇ ಸ್ಯಾಂಕ್ಷನ್ ಆಗಿದ್ದ ಲಿಮಿಟ್‌ನಿಂದ ದುಡ್ಡು ಎಳ್ಕೊಂಡ್ವು, ಸಾಲ ಜಿಗಿದಿದ್ದು ನೋಡಿದವ್ರಿಗೆ ಬ್ಯಾಂಕ್‌ಗಳು ಧಾರಾಳವಾಗಿ ಕೊಡ್ತಿವೆ ಅನ್ಸಿರತ್ತೆ.

ಸ್ಮಿತಾ ಎಂ: ಆ 50 ಅಂದ್ರೆ ಅರ್ಧ ಸಾಲ ನಿಂತೋಯ್ತು ಅಂತಲ್ಲ. ಬಿಗಿ ಮಾಡಿದೀವಿ ಅಂದ ಬ್ಯಾಂಕ್‌ಗಳ ಪರ್ಸೆಂಟಲ್ಲಿ ಸಡಿಲ ಮಾಡಿದೀವಿ ಅಂದವ್ರನ್ನ ಕಳೆದ್ರೆ ಬರೋದು ಅಷ್ಟೇ, 'ಸ್ವಲ್ಪ ಬಿಗಿ' ಅಂದವ್ರೂ 'ತುಂಬಾ ಬಿಗಿ' ಅಂದವ್ರೂ ಒಂದೇ ಲೆಕ್ಕ. ಇನ್ನೊಂದು, ಕೇಳೋದು ಕಳೆದ ಮೂರು ತಿಂಗಳ ಬದಲಾವಣೆ. ಎಲ್ಲ ಬ್ಯಾಂಕೂ ಬಿಗಿ ಮಾಡಿ, ಮುಂದಿನ ಸಲ 'ಬದ್ಲಾಗಿಲ್ಲ' ಅಂದ್ರೆ ನಂಬರ್ ಸೊನ್ನೆ, ಆದ್ರೆ ಸಾಲ ಸಿಗೋದು ಅಷ್ಟೇ ಕಷ್ಟ ಇರತ್ತೆ. ಅದಕ್ಕೇ ಫೆಡ್ ಜುಲೈ ಸರ್ವೇಲಿ ಈಗಿನ ಮಟ್ಟ 2005ರಿಂದೀಚೆಗೆ ಹೋಲಿಸಿದ್ರೆ ಎಲ್ಲಿದೆ ಅಂತ ಬೇರೆ ಕೇಳತ್ತೆ, ಅದನ್ನ ಓದೋರೇ ಕಡ್ಮೆ.

ಬಡ್ಡಿಲೆಕ್ಕ: ಸರಿ ಮೇಡಂ, ಆದ್ರೂ 2023ರಲ್ಲಿ ಸಾಲ ನಿಧಾನ ಆಗಿದ್ದು ಬ್ಯಾಂಕ್ ಕೊಡ್ದೇ ಇದ್ದಿದ್ದಕ್ಕಾ, ಬಡ್ಡಿ ನೋಡಿ ಜನ ಕೇಳ್ದೇ ಇದ್ದಿದ್ದಕ್ಕಾ?

ಸ್ಮಿತಾ ಎಂ: ಅದಕ್ಕೆ ಅದೇ ಸರ್ವೇಲಿ ಸಾಲದ ಬೇಡಿಕೆ ಬಗ್ಗೆನೂ ಪ್ರಶ್ನೆ ಇದೆ, ಆಗ ಬೇಡಿಕೆನೂ ಬಿದ್ದಿತ್ತು. ಎರಡೂ ಒಟ್ಟಿಗೆ ಬಿದ್ದಾಗ ಬರೀ ಬ್ಯಾಂಕ್ ಮೇಲೆ ಹೊರಿಸೋಕಾಗಲ್ಲ.

ತುಮಕೂರ್ ಟ್ರೇಡರ್: ನಮ್ಮಲ್ಲಿ ಇಂಥದ್ದು ಇಲ್ವಾ?

ಹಳೇ ಮ್ಯಾನೇಜರ್: ಇದೆ, ಆರ್‌ಬಿಐ 30 ದೊಡ್ಡ ಬ್ಯಾಂಕ್‌ಗಳನ್ನ ಕೇಳತ್ತೆ, ಕೃಷಿ, ಕಾರ್ಖಾನೆ, ರೀಟೇಲ್ ಎಲ್ಲಾ ಬೇರೆ ಬೇರೆಯಾಗಿ, ಬೇಡಿಕೆನೂ ಷರತ್ತೂ ಎರಡೂ. ಆದ್ರೆ ಉತ್ತರ ಕೊಡೋದು ಹೆಡ್ ಆಫೀಸ್, ನಿಮ್ಮ ಬ್ರಾಂಚಲ್ಲಿ ಫೈಲ್ ಯಾಕೆ ನಿಂತಿದೆ ಅಂತ ಅದ್ರಲ್ಲಿ ಹುಡುಕ್ಬೇಡಿ.