ಬಾಚಿಯೆರಾತೊ ಅಂದರೆ ಎಷ್ಟನೇ ಕ್ಲಾಸು? ಮೆಕ್ಸಿಕೊದಿಂದ ಸ್ಪೇನ್‌ಗೆ ಬರುವ ಅಪ್ಪ-ಅಮ್ಮಂದಿರಿಗೆ

ಎಲ್ಲರಿಗೂ ನಮಸ್ಕಾರ. ಮಾಂಟೆರೇಯಿಂದ ಮ್ಯಾಡ್ರಿಡ್‌ಗೆ ಬರುತ್ತಿರುವ ಮೇಡಂ ನಿನ್ನೆ ಕೇಳಿದ್ದರು: "ಮಗಳು ಈ ಜುಲೈಗೆ ಸೆಕುಂದಾರಿಯಾ (ಅಂದರೆ ಒಂಬತ್ತನೇ ಕ್ಲಾಸು) ಮುಗಿಸ್ತಾಳೆ. ಅಲ್ಲಿ ಬಾಚಿಯೆರಾತೊಗೆ ಸೀಟು ನೋಡಬೇಕಾ?"

ಬೇಡ ಮೇಡಂ. ಬಾಚಿಯೆರಾತೊ ಅನ್ನುವುದು ಶಾಲೆಯ ಮೇಲಿನ ಹಂತದ ಹೆಸರು, ಆದರೆ ಅದು ಶುರುವಾಗುವ ತರಗತಿ ದೇಶದಿಂದ ದೇಶಕ್ಕೆ ಬೇರೆ. ನಿಮ್ಮ ಮಗಳು ಸೇರಬೇಕಾದ್ದು 'ಎಸೊ' (ಸ್ಪೇನ್‌ನ ಕಡ್ಡಾಯ ಹೈಸ್ಕೂಲು) ನಾಲ್ಕನೇ ವರ್ಷಕ್ಕೆ. ಎರಡೂ ದೇಶಗಳಲ್ಲಿ ಒಟ್ಟು 12 ವರ್ಷದ ಓದೇ. ಆದರೆ ಮೆಕ್ಸಿಕೊದಲ್ಲಿ ಪ್ರಿಮಾರಿಯಾ 6, ಸೆಕುಂದಾರಿಯಾ 3, ಆಮೇಲೆ ಎಲ್ಲರೂ 'ಪ್ರೆಪಾ' ಅನ್ನುವ ಬಾಚಿಯೆರಾತೊ ಸಾಮಾನ್ಯವಾಗಿ 3 ವರ್ಷ. ಸ್ಪೇನ್‌ನಲ್ಲಿ ಪ್ರಿಮಾರಿಯಾ 6, ಎಸೊ 4, ಬಾಚಿಯೆರಾತೊ ಬರೀ 2. ಹಾಗಾಗಿ ಮೆಕ್ಸಿಕೊದ ಮೊದಲ ಬಾಚಿಯೆರಾತೊ ನಮ್ಮ ಎಸ್ಸೆಸ್ಸೆಲ್ಸಿಗೆ ಸಮ, ಸ್ಪೇನ್‌ನದು ಫಸ್ಟ್ ಪಿಯುಸಿಗೆ ಸಮ. ಕೊಲಂಬಿಯಾದವರಂತೂ ಆರನೇ ಕ್ಲಾಸಿನಿಂದ ಹನ್ನೊಂದರವರೆಗೂ ಬಾಚಿಯೆರಾತೊ ಅಂತಲೇ ಮಾತಾಡುತ್ತಾರೆ. ಅಲ್ಲಿನ ಸ್ನೇಹಿತರು "ನಮ್ಮ ಹುಡುಗ ಬಾಚಿಯೆರಾತೊಗೆ ಸೇರಿದ" ಅಂದರೆ ಹುಡುಗನಿಗೆ ಹನ್ನೊಂದೇ ವರ್ಷ ಇರಬಹುದು.

ಅದಕ್ಕೇ ನನ್ನ ಸಲಹೆ ಇಷ್ಟೇ. ಶಾಲೆಗೆ ಇಮೇಲ್ ಬರೆಯುವಾಗ ಮಗುವಿನ ಜನ್ಮದಿನಾಂಕ ಹಾಕಿ, ಒಂದನೇ ಕ್ಲಾಸಿನಿಂದ ಎಣಿಸಿ ಎಷ್ಟು ವರ್ಷ ಓದಿದ್ದಾಳೆ ಅಂತ ಬರೆಯಿರಿ. ಹಂತದ ಹೆಸರು ಬೇಕಿದ್ದರೆ ಆಮೇಲೆ ಸೇರಿಸಿ. ಸ್ಪೇನ್‌ನಲ್ಲಿ 6ರಿಂದ 16 ವರ್ಷದವರೆಗೆ ಶಾಲೆ ಕಡ್ಡಾಯ. ಹೊಸದಾಗಿ ಬಂದ ಮಗುವನ್ನು ಮೊದಲು ನೋಡುವುದು ವಯಸ್ಸಿನಿಂದಲೇ. ಪಾಠದಲ್ಲಿ ತುಂಬಾ ಹಿಂದಿದ್ದರೆ ಒಂದು ವರ್ಷ ಕೆಳಗೆ ಕೂರಿಸಬಹುದು. ಒಂದೇ ಇಸವಿಯಲ್ಲಿ, ಜನವರಿಯಿಂದ ಡಿಸೆಂಬರ್‌ವರೆಗೆ ಹುಟ್ಟಿದವರೆಲ್ಲ ಒಂದೇ ತರಗತಿ. ನಮ್ಮೂರಿನ ಜೂನ್ ಲೆಕ್ಕದಲ್ಲಿ ಸೇರಿದ ನವೆಂಬರ್, ಡಿಸೆಂಬರ್ ಮಕ್ಕಳಿಗೆ ಇಲ್ಲಿ ಒಂದು ವರ್ಷ ಮೇಲಿನ ತರಗತಿ ಸಿಕ್ಕರೆ ಗಾಬರಿ ಬೀಳಬೇಡಿ.

ಮೇಡಂ, ಕಾಗದಪತ್ರಕ್ಕಿಂತ ನನಗೆ ನಿಮ್ಮ ಮಗಳ ಮನಸ್ಸಿನದೇ ಯೋಚನೆ. ಮೆಕ್ಸಿಕೊದಲ್ಲಿ ಸೆಕುಂದಾರಿಯಾ ಮುಗಿಯಿತು ಅಂದರೆ ಮಕ್ಕಳಿಗೆ ದೊಡ್ಡ ಸಂಗತಿ. ಸಮಾರಂಭ, ಫೋಟೊ, ಗೆಳತಿಯರೆಲ್ಲ ಯಾವ ಪ್ರೆಪಾ ಅನ್ನುವ ಮಾತಲ್ಲೇ ಇರುತ್ತಾರೆ. ಅಂಥ ಹೊತ್ತಲ್ಲಿ ಇವಳು ಇಲ್ಲಿ ಬಂದು ಮತ್ತೆ ಎಸೊ ಅಂದಾಗ, ನನ್ನನ್ನು ಹಿಂದಕ್ಕೆ ಹಾಕಿದರು ಅಂತ ಅನಿಸುತ್ತದೆ. ಹದಿನೈದರ ವಯಸ್ಸಲ್ಲಿ ಅದು ಸಣ್ಣ ನೋವಲ್ಲ. ವಿಮಾನ ಹತ್ತುವ ಮೊದಲೇ ಒಂದು ಹಾಳೆಯಲ್ಲಿ 1ರಿಂದ 12ರವರೆಗೆ ಬರೆದು, ಒಂದು ಬದಿಗೆ ಮೆಕ್ಸಿಕೊದ ಹೆಸರು, ಇನ್ನೊಂದು ಬದಿಗೆ ಸ್ಪೇನ್‌ನದು ತುಂಬಿಸಿ ತೋರಿಸಿ. ಪ್ರೆಪಾ ಸೇರಿದ ಗೆಳತಿ, ಎಸೊ ಸೇರಿದ ಇವಳು, ಇಬ್ಬರೂ ಹತ್ತರ ಸಾಲಲ್ಲೇ ಇರುತ್ತಾರೆ ಅನ್ನುವುದು ಅವಳ ಕಣ್ಣಿಗೇ ಕಾಣಲಿ. ಆ ವರ್ಷ ಮುಗಿಸಿದರೆ ಎಸೊ ಪದವಿಪತ್ರವೂ ಇಲ್ಲಿಯದೇ ಸಿಗುತ್ತದೆ, ಮುಂದಿನ ಬಾಚಿಯೆರಾತೊಗೆ ಅದೇ ಸಾಕು.

ಬೆಂಗಳೂರಿನಿಂದ ಎಸ್ಸೆಸ್ಸೆಲ್ಸಿ ಮುಗಿಸಿ ನೇರ ಬರುವವರಿಗೆ ಕೆಲಸ ಜಾಸ್ತಿ. ಬಾಚಿಯೆರಾತೊ ಸೇರಲು ಮಾರ್ಕ್ಸ್ ಕಾರ್ಡ್‌ಗೆ 'ಓಮೊಲೊಗಾಸಿಯೋನ್', ಅಂದರೆ ಇಲ್ಲಿನ ಪದವಿಗೆ ಸಮ ಅಂತ ಸರ್ಕಾರದ ಒಪ್ಪಿಗೆ ಬೇಕು. ಭಾರತದಲ್ಲೇ ಅಪೋಸ್ಟಿಲ್ (ದಾಖಲೆ ಅಸಲಿ ಅಂತ ಹೊರದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ) ಮಾಡಿಸಿ, ಸ್ಪ್ಯಾನಿಷ್‌ಗೆ ಅಧಿಕೃತ ಅನುವಾದ ಮಾಡಿಸಿ ಅರ್ಜಿ ಹಾಕಬೇಕು. ಉತ್ತರ ತಡವಾಗುತ್ತದೆ. ಅಲ್ಲಿಯವರೆಗೆ 'ವೊಲಾಂತೆ' ಅನ್ನುವ ತಾತ್ಕಾಲಿಕ ಚೀಟಿ ತೋರಿಸಿ ಸೇರಬಹುದು, ಅದನ್ನು ಮರೆಯದೆ ತಗೊಳ್ಳಿ.

ಇನ್ನೊಂದು, 'ಕೊಲೇಹಿಯೊ' ಅಂತ ಬೋರ್ಡ್ ಕಂಡರೆ ನಮ್ಮ ಕಾಲೇಜು ಅಂದುಕೊಳ್ಳಬೇಡಿ. ಸ್ಪೇನ್‌ನ ಸರ್ಕಾರಿ ಕೊಲೇಹಿಯೊದಲ್ಲಿ ಇರುವವರು ಪುಟ್ಟ ಮಕ್ಕಳು, 3ರಿಂದ 12 ವರ್ಷದವರು. ಎಸೊದಿಂದ ಮೇಲೆ 'ಇನ್ಸ್ಟಿತೂತೊ'ಗೆ ಹೋಗುತ್ತಾರೆ. ಮೆಕ್ಸಿಕೊದಲ್ಲಿ ಆ ಪದ ಹೆಚ್ಚಾಗಿ ಖಾಸಗಿ ಶಾಲೆಗೆ, ಕೋಸ್ಟರಿಕಾದಲ್ಲಿ ಹೈಸ್ಕೂಲಿಗೆ.

ಏಪ್ರಿಲ್‌ನಲ್ಲಿ ಚಿಲಿಗೆ ಹೋಗುವ ಒಬ್ಬರು, ಮಗನನ್ನು ಅಲ್ಲಿ ಯಾವ ತರಗತಿಗೆ ಸೇರಿಸಬೇಕು ಅಂತ ಕೆಳಗೆ ಕೇಳಿದ್ದೀರಿ. ಸರ್, ಅಲ್ಲಿ 8 ವರ್ಷ 'ಬಾಸಿಕೊ', 4 ವರ್ಷ 'ಮೆದಿಯೊ'. ಬರೀ 'ಸೆಗುಂದೊ' (ಎರಡನೆಯದು) ಅಂದರೆ ಸಾಲದು. ಸೆಗುಂದೊ ಬಾಸಿಕೊ ಎರಡನೇ ಕ್ಲಾಸು, ಸೆಗುಂದೊ ಮೆದಿಯೊ ಹತ್ತನೇ ಕ್ಲಾಸು. ಅರ್ಜೆಂಟೀನಾದಲ್ಲೂ ಹೀಗೇ, ಪ್ರಿಮಾರಿಯಾಗೆ 'ಗ್ರಾದೊ', ಸೆಕುಂದಾರಿಯಾಗೆ 'ಆನ್ಯೊ' ಅನ್ನುತ್ತಾರೆ. ಪ್ರಿಮಾರಿಯಾ ಕೆಲವು ಪ್ರಾಂತ್ಯಗಳಲ್ಲಿ 6 ವರ್ಷ, ಕೆಲವು ಕಡೆ 7.

ನಿಮ್ಮ ಮಗನಿಗೆ ಮೇ ತಿಂಗಳಲ್ಲಿ ಆರು ತುಂಬುತ್ತದೆ ಅಂದಿರಿ. ಚಿಲಿಯಲ್ಲಿ ಮಾರ್ಚ್ 31ಕ್ಕೆ ಆರು ತುಂಬಿರಬೇಕು, ಶಾಲೆ ಶುರುವಾಗುವುದೂ ಮಾರ್ಚ್‌ನಲ್ಲೇ. ಹಾಗಾಗಿ ಏಪ್ರಿಲ್‌ನಲ್ಲಿ ಹೋದಾಗ 'ಪ್ರಿಮೆರೊ ಬಾಸಿಕೊ' (ಒಂದನೇ ಕ್ಲಾಸು) ಕೇಳಬೇಡಿ, ಅದಕ್ಕೂ ಮುಂಚಿನ ವರ್ಷವಾದ 'ಕಿಂದೆರ್' ಸೀಟು ಇದೆಯಾ ಅಂತ ಈಗಲೇ ವಿಚಾರಿಸಿ.