ಮೊದಲು ಚಟ ಬಿಟ್ಟು ಬರಬೇಕಾ?

ಸುಮಾ ಅತ್ತೆ: ಈ ಸುದ್ದಿ ಎಲ್ಲರೂ ಓದಿ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಬೆಕ್ಕಾ ಸ್ಟೀವನ್ಸ್ 1997ರಲ್ಲಿ ಶುರು ಮಾಡಿದ ಮನೆ. ಲೈಂಗಿಕ ಶೋಷಣೆ, ಡ್ರಗ್ಸ್ ಎರಡರಿಂದಲೂ ಹೊರಬರುವ ಹೆಂಗಸರಿಗೆ ಎರಡು ವರ್ಷ ಉಚಿತ ವಾಸ.

ರಮೇಶ ಚಿಕ್ಕಪ್ಪ: ಒಳ್ಳೆಯದೇ. ಆದರೆ ಎರಡು ವರ್ಷ ಪುಕ್ಕಟೆಯಾ? ಮೊದಲು ಚಟ ಬಿಟ್ಟು ಬರಲಿ, ಆಮೇಲೆ ಜಾಗ ಕೊಡಲಿ.

ವೀಣಾ: ಎಲ್ಲಿ ಕೂತು ಬಿಡಬೇಕು ಚಿಕ್ಕಪ್ಪ? ಅವಳನ್ನು ದಂಧೆಗೆ ಇಳಿಸಿದವನು ಇರುತ್ತಾನಲ್ಲ, ಡ್ರಗ್ಸ್ ಕೊಡುವವನೂ ಅವನೇ, ಗಿರಾಕಿ ಕರೆತರುವವನೂ ಅವನೇ, ಮಲಗುವ ಜಾಗವೂ ಅವನದೇ. ಹೆರಾಯಿನ್ ಸಿಗದಿದ್ದರೆ ಒಂದು ದಿನದೊಳಗೆ ಮೈಕೈ ನೋವು, ಬೆವರು, ವಾಂತಿ, ಭೇದಿ. ಅದು ಅವನಿಗೆ ಚೆನ್ನಾಗಿ ಗೊತ್ತು. ಬಾಗಿಲಿಗೆ ಬೀಗ ಹಾಕಬೇಕಾಗಿಯೇ ಇಲ್ಲ.

ಕಿರಣ: ಕೆಲವರು ತಾವೇ ಒಪ್ಪಿ ಹೋಗಿರುತ್ತಾರೆ ಅಲ್ವಾ ಅಕ್ಕಾ?

ವೀಣಾ: ಮಾನವ ಕಳ್ಳಸಾಗಣೆ ತಡೆಯಲು ವಿಶ್ವಸಂಸ್ಥೆ ಮಾಡಿದ 2000ದ ಪಾಲೆರ್ಮೊ ಒಪ್ಪಂದ ನೋಡು ಕಿರಣ. ಬೆದರಿಕೆ, ಮೋಸ ಇದ್ದಲ್ಲಿ, ಅಸಹಾಯಕತೆಯನ್ನು ಬಳಸಿಕೊಂಡಲ್ಲಿ ‘ಅವಳೇ ಒಪ್ಪಿದ್ದಳು’ ಅನ್ನುವ ಮಾತು ನಡೆಯುವುದಿಲ್ಲ.

ರಮೇಶ ಚಿಕ್ಕಪ್ಪ: ಸರಿ ಕಣಮ್ಮ. ಸೇರಿಸಿಕೊಂಡ ಮೇಲೆ ಮತ್ತೆ ತಗೊಂಡರೆ? ಉಳಿದವರ ಗತಿ?

ವೀಣಾ: ಆ ಭಯ ಸುಳ್ಳಲ್ಲ. ಮನೆಯೊಳಗೆ ಡ್ರಗ್ಸ್ ತರಬಾರದು, ಹೊಡೆದಾಟ ಆಗಬಾರದು. ಬೇಕಾದರೆ ಬೇರೆ ಕೋಣೆ ಕೊಡಲಿ, ಡಾಕ್ಟರ್ ಹತ್ತಿರ ಕಳಿಸಲಿ. ಆದರೆ ಜಾರಿದ ರಾತ್ರಿಯೇ ಹೊರಗೆ ಹಾಕಬಾರದು. ಹಾಕಿದರೆ ಅವಳು ವಾಪಸ್ ಹೋಗುವುದು ಅವನ ಹತ್ತಿರವೇ. ಜೀವಕ್ಕೂ ಅಪಾಯ. ಕೆಲವು ವಾರ ಬಿಟ್ಟಿದ್ದ ದೇಹ ಹಳೇ ಅಳತೆಯನ್ನು ತಡೆಯುವುದಿಲ್ಲ, ಉಸಿರೇ ನಿಂತುಹೋಗಬಹುದು. ಅಂಥಾ ಹೊತ್ತಿಗೆ ಹೆರಾಯಿನ್ ಪರಿಣಾಮವನ್ನು ತಡೆದು ಉಸಿರು ಮರಳಿಸುವ ಔಷಧಿ ನಲೋಕ್ಸೋನ್ ಕೈಗೆಟುಕುವ ಕಡೆ ಇರಬೇಕು, ಕೊಡಲು ಗೊತ್ತಿರುವವರೂ ಇರಬೇಕು.

ಇನ್ನೊಂದು ಮಾತು, ನನಗೆ ತುಂಬಾ ಸಿಟ್ಟು ಬರುವುದು ಇದಕ್ಕೇ. ಹೆರಾಯಿನ್‌ನಂಥ ಚಟದ ಚಿಕಿತ್ಸೆಗೆ ಡಾಕ್ಟರ್ ಕೊಡುವ ಮೆಥಡೋನ್, ಬ್ಯುಪ್ರಿನಾರ್ಫಿನ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಆದರೂ ಅವನ್ನು ತಗೊಳ್ಳುವವಳಿಗೆ ‘ನಿನ್ನ ಚಟ ಇನ್ನೂ ಬಿಟ್ಟಿಲ್ಲ’ ಅಂತ ಬಾಗಿಲು ಹಾಕುವ ಆಶ್ರಯಗಳಿವೆ. ಡಾಕ್ಟರ್ ಮಾತು ಕೇಳಿದ್ದೇ ತಪ್ಪಾ?

ಸುಮಾ ಅತ್ತೆ: ಮಕ್ಕಳಿದ್ದರೆ ಏನು ಗತಿ ವೀಣಾ?

ವೀಣಾ: ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಅಂತ ಹೆದರಿ ಎಷ್ಟೋ ತಾಯಂದಿರು ಚಿಕಿತ್ಸೆಗೇ ಬರುವುದಿಲ್ಲ ಅತ್ತೆ. ತಾಯಿ, ಮಗು ಒಟ್ಟಿಗೇ ಇರುವಂಥ ಜಾಗ ಬೇಕು.

ರಮೇಶ ಚಿಕ್ಕಪ್ಪ: ಔಷಧಿ ವಿಷಯ ಒಪ್ಪಿದೆ. ಎರಡು ವರ್ಷ ಮಾತ್ರ ಈಗಲೂ ಜಾಸ್ತಿ ಅನಿಸುತ್ತದೆ.

ವೀಣಾ: ಅವಳ ಗುರುತಿನ ಚೀಟಿ ಅವನ ಹತ್ತಿರ ಇರುತ್ತದೆ. ಹೆಸರಲ್ಲಿ ಹಳೇ ಕೇಸು. ಹಲ್ಲು ಹಾಳು, ನಿದ್ದೆ ಇಲ್ಲ, ಕೈಯಲ್ಲಿ ಕೆಲಸ ಇಲ್ಲ. ಇಷ್ಟೂ ಸರಿಹೋಗಲು ಎಷ್ಟು ತಿಂಗಳು ಬೇಕು, ನೀವೇ ಹೇಳಿ ಚಿಕ್ಕಪ್ಪ.